ಮಳೆಕಾಡಿನ ಊರಲ್ಲಿ ಕಡಿಮೆ ಬಾಡಿಗೆಯ ಖೋಲಿ: ಕುಟುಂಬದ ಆರೋಗ್ಯ ಕಾಯುವುದು ಹೇಗೆ?

ಜುಲೈ ಬಂತೆಂದರೆ ಕಾಗವಾಡ, ಉಗಾರ, ಶೇಡಬಾಳ, ಅಥಣಿ, ನಿಪ್ಪಾಣಿ ಕಡೆಯ ಅನೇಕ ಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: "ಈ ಸಲ ಆಂಬೋಲಿಗೆ ಹೋಗೋಣ." ಎರಡು ಮೂರು ಮನೆಯವರು ಸೇರಿ ಒಂದು ಕ್ರೂಸರ್ ಗಾಡಿ ಮಾಡಿಕೊಳ್ಳುತ್ತಾರೆ. ಮಕ್ಕಳು, ಅಜ್ಜ-ಅಜ್ಜಿ, ಆಗಷ್ಟೇ ಮದುವೆಯಾದ ಜೋಡಿ ಎಲ್ಲರೂ ಹೊರಡುತ್ತಾರೆ. ಕೆಲವರು ಆಂಬೋಲಿಗೆ, ಕೆಲವರು ಕಾಳಿ ನದಿಯ ದಂಡೆಯ ದಾಂಡೇಲಿಗೆ, ಇನ್ನೂ ದೂರ ಹೋಗುವವರು ಆಗುಂಬೆಗೆ. ದೊಡ್ಡ ರೆಸಾರ್ಟುಗಳ ಬಾಡಿಗೆ ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ಬಸ್ ನಿಲ್ದಾಣದ ಆಸುಪಾಸಿನ ಸಾಧಾರಣ ಲಾಡ್ಜಿನಲ್ಲಿ ಒಂದೋ ಎರಡೋ ಖೋಲಿ ಹಿಡಿದು, ಒಂದು ಖೋಲಿಯಲ್ಲಿ ಐದಾರು ಜನ ಮಲಗುವುದು ರೂಢಿ.

ಇದರಲ್ಲಿ ತಪ್ಪೇನೂ ಇಲ್ಲ. ದುಡ್ಡು ಕಡಿಮೆ ಕೊಟ್ಟು ಇಳಿದುಕೊಂಡರೂ ಆರೋಗ್ಯ ಕೆಡಿಸಿಕೊಳ್ಳದೆ ಮರಳಿ ಬರಬಹುದು. ಆದರೆ ಬಯಲುಸೀಮೆಯ ನಮಗೆ ಮಳೆಕಾಡಿನ ಊರಿನ ಗುಣ ತಿಳಿದಿರುವುದಿಲ್ಲ. ನಮ್ಮ ಊರಿನ ಲಾಡ್ಜಿನಲ್ಲಿ ಏನೂ ಆಗದ ವಿಷಯ ಅಲ್ಲಿ ಜ್ವರವಾಗಿ, ಉಬ್ಬಸವಾಗಿ, ಕೆಲವೊಮ್ಮೆ ಜೀವಕ್ಕೇ ಅಪಾಯವಾಗಿ ಬರುತ್ತದೆ. ಹೊರಡುವ ಮುನ್ನ ಮನೆಯ ಹಿರಿಯರು, ಅದರಲ್ಲೂ ತಾಯಂದಿರು ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ಆ ಊರಿನ ಗಾಳಿಯೇ ಬೇರೆ

ಅಥಣಿ-ಕಾಗವಾಡದ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ. ಆಗುಂಬೆ ಮತ್ತು ಆಂಬೋಲಿಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ. ನಮ್ಮಲ್ಲಿ ಹತ್ತು ವರ್ಷದಲ್ಲಿ ಬೀಳುವಷ್ಟು ಮಳೆ ಅಲ್ಲಿ ಒಂದೇ ವರ್ಷದಲ್ಲಿ, ಅದೂ ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ ಎಂದರೆ ಊಹಿಸಿಕೊಳ್ಳಿ. ಆಂಬೋಲಿ ನಮಗೆ ಪರಕೀಯವೂ ಅಲ್ಲ. ಸಂಕೇಶ್ವರದ ಪಕ್ಕ ಹರಿದು ಘಟಪ್ರಭೆಯನ್ನು ಸೇರುವ ಹಿರಣ್ಯಕೇಶಿ ಹುಟ್ಟುವುದು ಅಲ್ಲಿಯೇ. ದಾಂಡೇಲಿ ಕಾಡಿನ ನಡುವೆ ನಗರಸಭೆಯೇ ಇರುವ ಊರು. 1955ರಲ್ಲಿ ಆರಂಭವಾದ ಕಾಗದದ ಕಾರ್ಖಾನೆಯ ಸುತ್ತ ಬೆಳೆದದ್ದು. ಅಲ್ಲಿ ಮಳೆ ಆಗುಂಬೆಯಷ್ಟಿಲ್ಲ, ಆದರೂ ನಮ್ಮ ಕಡೆಗಿಂತ ಬಹಳ ಹೆಚ್ಚು.

ಮಳೆಗಾಲದಲ್ಲಿ ಈ ಊರುಗಳ ಗಾಳಿಯಲ್ಲಿ ನೀರಿನ ಪಸೆ ಯಾವಾಗಲೂ ತುಂಬಿರುತ್ತದೆ. ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಒಗೆದ ಚಾದರ ಮೂರು ದಿನವಾದರೂ ಪೂರ್ತಿ ಒಣಗುವುದಿಲ್ಲ. ಗಾದಿಯ ಒಳಗಿನ ಹತ್ತಿ ತಂಪು ಹಿಡಿಯುತ್ತದೆ, ಗೋಡೆಯ ಮೂಲೆಯಲ್ಲಿ ಬೂಷ್ಟು ಬೆಳೆಯುತ್ತದೆ, ಬಚ್ಚಲಿನ ನೆಲ ಪಾಚಿಗಟ್ಟುತ್ತದೆ. ಇದು ಲಾಡ್ಜಿನವರ ಸೋಮಾರಿತನ ಮಾತ್ರವಲ್ಲ, ಅಲ್ಲಿನ ಹವೆಯ ಗುಣ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಅಮೆಜಾನ್ ಕಾಡಿನ ನಡುವೆ ಇಕಿಟೋಸ್ ಎಂಬ ನಗರವಿದೆ. ದೇಶದ ಉಳಿದ ಭಾಗದಿಂದ ಅಲ್ಲಿಗೆ ರಸ್ತೆಯೇ ಇಲ್ಲ, ದೋಣಿ ಅಥವಾ ವಿಮಾನದಲ್ಲಿ ಹೋಗಬೇಕು. ಅಲ್ಲಿನ ಅಗ್ಗದ ವಸತಿಗೃಹದಲ್ಲಿ ಇಳಿಯುವವರು ಪಾಲಿಸಬೇಕಾದ ನಿಯಮವೂ ಆಗುಂಬೆಯಲ್ಲಿ ಇಳಿಯುವವರ ನಿಯಮವೂ ಹೆಚ್ಚು ಕಡಿಮೆ ಒಂದೇ: ಒಣಗಿರಬೇಕು, ಕುದಿಸಿದ ನೀರು ಕುಡಿಯಬೇಕು, ಸೊಳ್ಳೆ ಪರದೆಯೊಳಗೆ ಮಲಗಬೇಕು.

ಮುಂಗಡ ಕೊಡುವ ಮುನ್ನ ಖೋಲಿ ನೋಡಿ

ಹಲವರು ಕೌಂಟರಿನಲ್ಲಿ ಹಣ ಕೊಟ್ಟು, ಸಾಮಾನು ಇಳಿಸಿ, ಆಮೇಲೆ ಖೋಲಿ ನೋಡುತ್ತಾರೆ. ಮೊದಲು ಮನೆಯಿಂದ ಇಬ್ಬರು ಹೋಗಿ ನೋಡಿ ಬರಲಿ. ಐದು ನಿಮಿಷದ ಕೆಲಸ.

ಬಾಗಿಲು ತೆರೆದ ಕೂಡಲೇ ಮೂಗಿಗೆ ಬರುವ ವಾಸನೆಯನ್ನು ಗಮನಿಸಿ. ಹಳೆಯ ಒದ್ದೆ ಗೋಣಿಚೀಲದಂಥ ಮುಗ್ಗಲು ವಾಸನೆ ಇದ್ದರೆ ಅಲ್ಲಿ ಬೂಷ್ಟು ಇದೆಯೆಂದೇ ಅರ್ಥ. ಮನೆಯಲ್ಲಿ ಉಬ್ಬಸದ ರೋಗಿ ಇದ್ದರೆ, ಅಥವಾ ಬೆಳಗಾದ ಕೂಡಲೇ ಸೀನುವ ಮಕ್ಕಳಿದ್ದರೆ ಆ ಖೋಲಿ ಬೇಡ. ಗೋಡೆಯಲ್ಲಿ ಕಪ್ಪು-ಹಸಿರು ಚುಕ್ಕೆಗಳಿವೆಯೇ, ಮಂಚ ತಾಗಿರುವ ಗೋಡೆ ಕೈಗೆ ತಣ್ಣಗೆ ಒದ್ದೆಯಾಗಿ ಹತ್ತುತ್ತದೆಯೇ ನೋಡಿ. ಸಾಮಾನ್ಯವಾಗಿ ನೆಲಮಾಳಿಗೆಯ ಖೋಲಿಗಿಂತ ಮೇಲಿನ ಮಹಡಿಯದು ಒಣಗಿರುತ್ತದೆ. ಆದರೆ ಚಾವಣಿ ಸೋರುತ್ತಿದೆಯೇ ಎಂದೂ ನೋಡಬೇಕು. ಇಲಿ ಬರುವುದೂ ಕೆಳಗಿನ ಖೋಲಿಗಳಿಗೆ ಹೆಚ್ಚು.

ಕಿಟಕಿ ತೆರೆಯುತ್ತದೆಯೇ? ಕಿಟಕಿಗೆ ಜಾಲರಿ ಇದೆಯೇ? ಜಾಲರಿ ಹರಿದಿದ್ದರೆ ಸೊಳ್ಳೆ ಪರದೆ ಕೇಳಿ. ಬಾಗಿಲಿನ ಕೆಳಗೆ ಎರಡು ಬೆರಳಿನಷ್ಟು ಸಂದಿ ಇದ್ದರೆ ರಾತ್ರಿ ಹಳೆಯ ಟವೆಲು ಸುತ್ತಿ ಇಡಿ. ಇಲಿ, ಚೇಳು, ಹಾವು ಒಳಬರದಂತೆ ಇದು ಸರಳ ತಡೆ. ಬಚ್ಚಲಿನ ಕಿಟಕಿಗೆ ಚಿಲಕವಿದೆಯೇ, ಗಾಜು ಒಡೆದಿದೆಯೇ ಎಂಬುದನ್ನು ಹೆಣ್ಣುಮಕ್ಕಳ ಮರ್ಯಾದೆಯ ದೃಷ್ಟಿಯಿಂದ ಮೊದಲೇ ನೋಡಿಕೊಳ್ಳಬೇಕು.

ಹಾಸಿಗೆ ಕೊಡವುವ ಸುನ್ನತ್

ಮಲಗುವ ಮುನ್ನ ಹಾಸಿಗೆಯನ್ನು ಬಟ್ಟೆಯ ಅಂಚಿನಿಂದ ಕೊಡವಿಕೊಳ್ಳುವುದನ್ನು, ರಾತ್ರಿ ಪಾತ್ರೆಗಳನ್ನು ಮುಚ್ಚಿಡುವುದನ್ನು, ದೀಪ-ಬೆಂಕಿ ಆರಿಸಿ ಮಲಗುವುದನ್ನು ಪ್ರವಾದಿ(ಸ) ಕಲಿಸಿದ್ದಾರೆಂದು ಚಿಕ್ಕಂದಿನಿಂದ ಕೇಳಿದ್ದೇವೆ. ಮನೆಯಲ್ಲಿ ಇದನ್ನು ಮರೆತರೂ ನಡೆದೀತು, ಮಳೆಕಾಡಿನ ಲಾಡ್ಜಿನಲ್ಲಿ ಮರೆಯುವಂತಿಲ್ಲ. ಮೂರೂ ಮಾತುಗಳು ಅಲ್ಲಿ ನೇರ ಕೆಲಸಕ್ಕೆ ಬರುತ್ತವೆ.

ಹಾಸಿಗೆಯ ಮೇಲಿನ ಚಾದರವನ್ನು ಪೂರ್ತಿ ತೆಗೆದು ಕೊಡವಿ. ಗಾದಿಯ ಹೊಲಿಗೆಯ ಸಾಲು, ಮಂಚದ ತಲೆಕಡೆಯ ಹಲಗೆಯ ಸಂದಿ ಇವುಗಳನ್ನು ಮೊಬೈಲ್ ಟಾರ್ಚ್ ಹಿಡಿದು ನೋಡಿ. ಶಾಯಿಯ ಚುಕ್ಕೆಯಂಥ ಕಪ್ಪು ಕಲೆ, ಒಣಗಿದ ರಕ್ತದ ಗುರುತು, ಕಂದುಬಣ್ಣದ ಒಣ ಸಿಪ್ಪೆ ಕಂಡರೆ ತಿಗಣೆ ಇದೆಯೆಂದು ತಿಳಿಯಿರಿ. ತಿಗಣೆಯಿಂದ ರೋಗ ಹರಡುವುದು ಸಾಬೀತಾಗಿಲ್ಲ. ಆದರೆ ತುರಿಕೆ, ನಿದ್ದೆಗೇಡು ಖಂಡಿತ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಅವು ನಿಮ್ಮ ಚೀಲದೊಳಗೆ ಸೇರಿ ಮನೆಗೇ ಬರುತ್ತವೆ. ಆದ್ದರಿಂದ ಚೀಲಗಳನ್ನು ಮಂಚದ ಮೇಲೆ, ನೆಲದ ಮೇಲೆ ಇಡಬೇಡಿ. ಮೇಜಿನ ಮೇಲೆ ಅಥವಾ ಮೊಳೆಗೆ ತೂಗುಹಾಕಿ.

ಎಷ್ಟೇ ಚೆನ್ನಾಗಿ ಕಂಡರೂ ಮನೆಯಿಂದ ಎರಡು ಚಾದರ, ದಿಂಬಿನ ಕವಚ, ಹೊದೆಯಲು ಒಂದೊಂದು ಚಾದರ ಒಯ್ಯುವುದು ಒಳ್ಳೆಯದು. ಲಾಡ್ಜಿನ ದಪ್ಪ ರಗ್ಗುಗಳನ್ನು ಮಳೆಗಾಲದಲ್ಲಿ ಒಗೆದು ಒಣಗಿಸುವುದು ಯಾರಿಗೂ ಸಾಧ್ಯವಾಗುವುದಿಲ್ಲ. ಧೂಳುಹುಳು ಮತ್ತು ಬೂಷ್ಟು ಅವುಗಳಲ್ಲಿ ಸೇರಿಕೊಂಡಿರುತ್ತವೆ. ಚಳಿಯಾದರೆ ಮೊದಲು ನಿಮ್ಮ ಚಾದರ ಹೊದ್ದು, ಅದರ ಮೇಲೆ ರಗ್ಗು ಹಾಕಿಕೊಳ್ಳಿ.

ಖೋಲಿಯ ನೆಲಕ್ಕೆ ಹಾಸಿದ ಹಳೆಯ ಕಾರ್ಪೆಟ್ ಮೇಲೆ ನೇರವಾಗಿ ನಮಾಝ್ ಮಾಡುವವರು ಗಮನಿಸಬೇಕು. ಸಜ್ದಾದಲ್ಲಿ ಮೂಗು ನೇರ ಬೂಷ್ಟಿಗೆ ತಾಗುತ್ತದೆ. ಉಬ್ಬಸವಿರುವವರಿಗೆ ಅಲ್ಲಿಂದಲೇ ಕೆಮ್ಮು ಶುರುವಾಗಬಹುದು. ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ನಿಮ್ಮದೇ ಜಾನಮಾಝ್ ಹಾಸಿಕೊಳ್ಳಿ.

ಬಿಸಿನೀರು: ಇಲ್ಲಿ ಜೀವದ ಪ್ರಶ್ನೆ

ಮಳೆಯಲ್ಲಿ ನೆನೆದು ಬಂದ ಮೇಲೆ ಎಲ್ಲರಿಗೂ ಬೇಕಾಗುವುದು ಬಿಸಿನೀರು. ಮಲೆನಾಡಿನ ಹಳೆಯ ಲಾಡ್ಜು, ಮನೆವಸತಿಗಳಲ್ಲಿ ಹೊರಗಿನ ಒಲೆಯ ಮೇಲೆ ಹಂಡೆಯಲ್ಲಿ ನೀರು ಕಾಯಿಸಿ ಬಕೆಟಿನಲ್ಲಿ ತಂದುಕೊಡುತ್ತಾರೆ. ಅದು ಒಳ್ಳೆಯ ಪದ್ಧತಿ. ಕೆಲವು ಕಡೆ ಬಚ್ಚಲಿನ ಒಳಗೇ ಗ್ಯಾಸ್ ಗೀಸರ್ ಇರುತ್ತದೆ. ಇಲ್ಲಿ ಎಚ್ಚರ ಬೇಕು.

ಗ್ಯಾಸ್ ಉರಿಯಲು ಗಾಳಿ ಬೇಕು. ಸಣ್ಣ ಬಚ್ಚಲಿನ ಬಾಗಿಲು-ಕಿಟಕಿ ಮುಚ್ಚಿಕೊಂಡಾಗ ಒಳಗಿನ ಆಮ್ಲಜನಕ ಕಡಿಮೆಯಾಗಿ, ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲಿನಲ್ಲಿ ಶಕ್ತಿಯಿಲ್ಲದಂತೆ ಆಗುವುದು ಮೊದಲ ಲಕ್ಷಣಗಳು. ಕೂಗಿ ಕರೆಯುವಷ್ಟರಲ್ಲೇ ಪ್ರಜ್ಞೆ ತಪ್ಪಿರುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್‌ನಿಂದ ಜೀವ ಕಳೆದುಕೊಂಡ ಸುದ್ದಿಗಳು ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಬಂದಿವೆ.

ಬಚ್ಚಲಿನ ಒಳಗೆ ಗ್ಯಾಸ್ ಗೀಸರ್ ಇದ್ದು, ಗಾಳಿ ಆಡುವ ಕಿಂಡಿ ಇಲ್ಲದಿದ್ದರೆ ಆ ಖೋಲಿ ಬಿಡಿ. ಬೇರೆ ಖೋಲಿ ಸಿಗದಿದ್ದರೆ ಬಾಗಿಲು ತೆರೆದಿಟ್ಟು ಬಕೆಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿ ಆಡಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ. ಒಬ್ಬರ ನಂತರ ಒಬ್ಬರು ಬಾಗಿಲು ಹಾಕಿಕೊಂಡು ಸ್ನಾನ ಮಾಡುತ್ತಾ ಹೋದರೆ ಕೊನೆಯವರಿಗೆ ಅಪಾಯ ಹೆಚ್ಚು. ಸಾಮಾನ್ಯವಾಗಿ ಕೊನೆಗೆ ಹೋಗುವವರು ಮನೆಯ ಹೆಣ್ಣುಮಕ್ಕಳೇ ಎಂಬುದನ್ನು ಗಂಡಸರು ನೆನಪಿಡಬೇಕು. ಯಾರಾದರೂ ಒಳಗೆ ಬಿದ್ದರೆ ಮೊದಲು ಬಾಗಿಲು ತೆರೆದು ಹೊರಗಿನ ಗಾಳಿಗೆ ತನ್ನಿ, ಕೂಡಲೇ 108ಕ್ಕೆ ಕರೆ ಮಾಡಿ.

ವಿದ್ಯುತ್ ಗೀಸರ್ ಇದ್ದರೆ ನೀರು ಕಾದ ಮೇಲೆ ಸ್ವಿಚ್ ಆರಿಸಿಯೇ ಸ್ನಾನ ಮಾಡಿ. ಒದ್ದೆ ಗೋಡೆಯ ಹಳೆಯ ವೈರಿಂಗ್ ನಂಬಬೇಡಿ. ಬಕೆಟಿನಲ್ಲಿ ಮುಳುಗಿಸುವ ಹೀಟರ್ ರಾಡ್ ಇದ್ದರೆ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು.

ಇದೇ ಕಾರಣಕ್ಕೆ ಖೋಲಿಯೊಳಗೆ ಬಟ್ಟೆ ಒಣಗಿಸಲೆಂದೋ ಚಳಿ ಕಾಯಿಸಲೆಂದೋ ಇದ್ದಿಲಿನ ಸಿಗಡಿ ಇಟ್ಟು ಬಾಗಿಲು ಹಾಕಿ ಮಲಗುವುದು ಪ್ರಾಣಾಪಾಯ. ಮಲಗುವ ಮುನ್ನ ಬೆಂಕಿ ಆರಿಸಬೇಕೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಸೊಳ್ಳೆಬತ್ತಿಯನ್ನೂ ಪೂರ್ತಿ ಮುಚ್ಚಿದ ಖೋಲಿಯಲ್ಲಿ ರಾತ್ರಿಯಿಡೀ ಉರಿಸಬೇಡಿ. ಉಬ್ಬಸದವರಿಗೆ ಆ ಹೊಗೆಯೇ ಸಾಕು.

ವುಝೂ, ಒದ್ದೆ ಕಾಲು ಮತ್ತು ಸಕ್ಕರೆ ಕಾಯಿಲೆ

ದಿನಕ್ಕೆ ಐದು ಬಾರಿ ಕೈಕಾಲು ಮುಖ ತೊಳೆಯುವ ನಮಗೆ ಶುಚಿತ್ವದ ದೊಡ್ಡ ರಕ್ಷಣೆ ತಾನಾಗಿಯೇ ಸಿಕ್ಕಿದೆ. ಆದರೆ ಮಳೆನಾಡಿನಲ್ಲಿ ತೊಳೆಯುವುದರಷ್ಟೇ ಒರೆಸುವುದೂ ಮುಖ್ಯ. ಕಾಲ್ಬೆರಳ ಸಂದಿಯಲ್ಲಿ ನೀರು ನಿಂತರೆ, ಅದರ ಮೇಲೆ ಒದ್ದೆ ಮೋಜಾ, ಒದ್ದೆ ಬೂಟು ಹಾಕಿದರೆ ಎರಡು ಮೂರು ದಿನದಲ್ಲಿ ಚರ್ಮ ಬಿಳಿಚಿ, ಬಿರಿದು, ತುರಿಕೆ ಹತ್ತುತ್ತದೆ. ಇದು ಶಿಲೀಂಧ್ರದ ಸೋಂಕು. ವುಝೂವಿನಲ್ಲಿ ಬೆರಳ ಸಂದಿಗೆ ಖಿಲಾಲ್ ಮಾಡಿದಂತೆಯೇ, ವುಝೂ ನಂತರ ಒಣ ಬಟ್ಟೆಯಿಂದ ಅದೇ ಸಂದಿಯನ್ನು ಒರೆಸಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ಕಾಲೊರೆಸುವ ಬಟ್ಟೆ ಇರಲಿ. ಒಂದೇ ಟವೆಲಿನಲ್ಲಿ ಇಡೀ ಮನೆಯವರು ಒರೆಸಿಕೊಂಡರೆ ಒಬ್ಬರ ಸೋಂಕು ಎಲ್ಲರಿಗೂ.

ಸಕ್ಕರೆ ಕಾಯಿಲೆ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಅವರ ಪಾದಕ್ಕೆ ಸ್ಪರ್ಶಜ್ಞಾನ ಕಡಿಮೆ ಇರಬಹುದು. ಸಣ್ಣ ಬಿರುಕು, ಮುಳ್ಳು ಚುಚ್ಚಿದ್ದು, ಬಿಸಿನೀರಿನಿಂದ ಸುಟ್ಟದ್ದು ಗೊತ್ತೇ ಆಗುವುದಿಲ್ಲ. ರಾತ್ರಿ ಮಲಗುವ ಮುನ್ನ ಮಗನೋ ಸೊಸೆಯೋ ಹಿರಿಯರ ಎರಡೂ ಪಾದಗಳನ್ನು ಬೆಳಕಿನಲ್ಲಿ ನೋಡಲಿ. ನೀರಿನ ಬಿಸಿಯನ್ನು ಮೊದಲು ಬೇರೆಯವರು ಮೊಣಕೈಯಿಂದ ಪರೀಕ್ಷಿಸಲಿ.

ಚರ್ಮದ ಮೋಜಾ ಧರಿಸಿದ ಪ್ರಯಾಣಿಕರಿಗೆ ಮೂರು ಹಗಲು ಮೂರು ರಾತ್ರಿಯವರೆಗೆ ಅದರ ಮೇಲೆ ಮಸಹ್ ಮಾಡುವ ರಿಯಾಯಿತಿ ಇದೆ. ಚಳಿಯಲ್ಲಿ ಹಿರಿಯರಿಗೆ ಅದು ಅನುಕೂಲ. ಆದರೆ ಮೋಜಾದ ಒಳಗೆ ನೀರು ಹೋಗಿದ್ದರೆ ತೆಗೆದು ಪಾದ ತೊಳೆದು ಒಣಗಿಸಿಯೇ ಹಾಕಬೇಕು. ರಿಯಾಯಿತಿ ಇರುವುದು ಕಷ್ಟ ಕಡಿಮೆ ಮಾಡಲು, ಕಾಲು ಹುಣ್ಣು ಮಾಡಿಕೊಳ್ಳಲು ಅಲ್ಲ.

ಬಚ್ಚಲಿನ ಪಾಚಿಯ ಮೇಲೆ ಕಾಲು ಜಾರಿ ಸೊಂಟದ ಮೂಳೆ ಮುರಿದುಕೊಂಡ ಹಿರಿಯರ ಉದಾಹರಣೆ ಎಲ್ಲರ ಬಳಗದಲ್ಲೂ ಇದ್ದೇ ಇರುತ್ತದೆ. ಹಿಡಿತವಿರುವ ರಬ್ಬರ್ ಚಪ್ಪಲಿ ಒಯ್ಯಿರಿ. ವುಝೂ ಮಾಡುವಾಗ ಒಂಟಿ ಕಾಲೆತ್ತಿ ವಾಶ್‌ಬೇಸಿನ್‌ನಲ್ಲಿ ತೊಳೆಯುವ ಸಾಹಸ ಬೇಡ. ಒಂದು ಪ್ಲಾಸ್ಟಿಕ್ ಸ್ಟೂಲ್ ಕೇಳಿ ಪಡೆದು ಕುಳಿತು ಮಾಡಿ. ಶೌಚಾಲಯದ ಮಗ್ಗು ನೂರು ಜನರ ಕೈಯಲ್ಲಿ ಓಡಾಡಿರುತ್ತದೆ. ಮನೆಯಿಂದ ಒಂದು ಸಣ್ಣ ತಂಬಿಗೆ ಅಥವಾ ಮಗ್ಗು, ಒಂದು ಸಾಬೂನು ಒಯ್ದರೆ ಇಸ್ತಿಂಜಾದ ಚಿಂತೆಯೇ ಇಲ್ಲ.

ಹೆಣ್ಣುಮಕ್ಕಳು ಬುರ್ಖಾದ ಅಂಚು ಕೆಸರಿನಲ್ಲಿ ಎಳೆಯದಂತೆ ನೋಡಿಕೊಳ್ಳಬೇಕು. ಒದ್ದೆ ಅಂಚು ದಿನವಿಡೀ ಕಾಲಿಗೆ ತಾಗುತ್ತಿದ್ದರೆ ಚರ್ಮ ಕೆಡುತ್ತದೆ, ಜಿಗಣೆಯೂ ಅಡಗಿ ಕುಳಿತುಕೊಳ್ಳುತ್ತದೆ. ಕೈಯಲ್ಲಿ ಹಿಂಡಿ ನೆರಳಲ್ಲೇ ಒಣಗುವ ತೆಳು ಬಟ್ಟೆಯ ಬುರ್ಖಾ ಒಂದು ಹೆಚ್ಚಿಗೆ ಇರಲಿ. ಒಳಉಡುಪು ಅರೆ ಒಣಗಿದ್ದು ಹಾಕಿಕೊಳ್ಳುವುದರಿಂದ ತೊಡೆಸಂದಿಯಲ್ಲಿ ತುರಿಕೆ ಬರುತ್ತದೆ. ದಿನಕ್ಕೆ ಎರಡು ಜೊತೆಯಂತೆ ಲೆಕ್ಕ ಹಾಕಿ ಒಯ್ಯಿರಿ. ಮುಟ್ಟಿನ ದಿನಗಳಿಗೆ ಬೇಕಾದ ಪ್ಯಾಡುಗಳು ಅಂಥ ಊರಿನ ಸಣ್ಣ ಅಂಗಡಿಯಲ್ಲಿ ಸಿಗದಿರಬಹುದು. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೇ ಹಾಕಿ, ಕಾಡಿನ ಹಳ್ಳಕ್ಕೆ ಎಸೆಯಬೇಡಿ.

ಕನ್ನಡಿಯಂಥ ನೀರು, ಕಾಣದ ಕೊಳೆ

ಮಲೆನಾಡಿನ ಅನೇಕ ಕಡೆ ಗುಡ್ಡದ ಝರಿಯಿಂದ ನೇರ ಪೈಪಿನಲ್ಲಿ ನೀರು ಬರುತ್ತದೆ. ಕನ್ನಡಿಯಂತೆ ಕಾಣುತ್ತದೆ. ಆದರೆ ಮೇಲೆ ಎಲ್ಲೋ ದನ ನಿಂತಿರುತ್ತದೆ, ಕಾಡುಪ್ರಾಣಿ ಸತ್ತಿರುತ್ತದೆ, ಮಳೆ ಎಲ್ಲವನ್ನೂ ತೊಳೆದು ತರುತ್ತದೆ. ಕುಡಿಯಲು, ಹಲ್ಲುಜ್ಜಲು, ಮಕ್ಕಳ ಹಾಲಿನ ಪುಡಿ ಕಲಸಲು ಕುದಿಸಿದ ನೀರನ್ನೇ ಬಳಸಿ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. "ಬಿಸಿನೀರು ಕೊಡಿ" ಎಂದರೆ ಉಗುರುಬೆಚ್ಚಗಿನದು ಬರುತ್ತದೆ. "ಕುದಿಸಿದ್ದು ಬೇಕು" ಎಂದೇ ಹೇಳಿ. ಒಂದು ಸಣ್ಣ ವಿದ್ಯುತ್ ಕೆಟಲ್ ಮನೆಯಲ್ಲಿದ್ದರೆ ಒಯ್ಯಿರಿ. ಕುದಿಸುವ ಅನುಕೂಲ ಇಲ್ಲದಿದ್ದರೆ ಕ್ಲೋರಿನ್ ಮಾತ್ರೆಯನ್ನು ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ ಹಾಕಿ ಅರ್ಧ ಗಂಟೆ ಬಿಡಿ.

ಊಟದ ವಿಷಯದಲ್ಲಿ ನಮ್ಮ ಕುಟುಂಬಗಳಿಗೆ ಹಲಾಲ್ ಸಿಗುತ್ತದೋ ಇಲ್ಲವೋ ಎಂಬ ಚಿಂತೆ. ಹಾಗಾಗಿ ಬೆಳಿಗ್ಗೆ ದೊಡ್ಡ ಡೇಗ್ಚಿಯಲ್ಲಿ ಬಿರಿಯಾನಿ ಮಾಡಿ, ಮುಚ್ಚಿ, ಗಾಡಿಯಲ್ಲಿಟ್ಟು, ಮಧ್ಯಾಹ್ನ ಸ್ವಲ್ಪ, ರಾತ್ರಿ ಲಾಡ್ಜಿನಲ್ಲಿ ಉಳಿದದ್ದು ತಿನ್ನುವ ರೂಢಿ ಇದೆ. ವಾಂತಿ-ಭೇದಿಯ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಬೆಂದ ಅನ್ನ, ಮಾಂಸ ಬೆಚ್ಚಗಿನ ಪಾತ್ರೆಯಲ್ಲಿ ಎರಡು ಗಂಟೆ ಮೀರಿ ಕುಳಿತರೆ ರೋಗಾಣುಗಳು ಬೆಳೆಯುತ್ತವೆ. ಅನ್ನದಲ್ಲಿ ಬೆಳೆಯುವ ಕೆಲವು ರೋಗಾಣುಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ದಾರಿಯ ಮೊದಲ ಊಟಕ್ಕೆ ಮಾತ್ರ ಮಾಂಸದ ಅಡುಗೆ ಒಯ್ಯಿರಿ, ಉಳಿದದ್ದನ್ನು ಇಟ್ಟುಕೊಳ್ಳಬೇಡಿ.

ನಮ್ಮ ಕಡೆಯ ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಹುರಿದ ಶೇಂಗಾ, ಖರ್ಜೂರ ಪ್ರಯಾಣಕ್ಕೆಂದೇ ಹುಟ್ಟಿದ ಆಹಾರ. ಆದರೆ ಇಲ್ಲಿ ತಿಂಗಳು ಕೆಡದ ಕಟಕ ರೊಟ್ಟಿ ಅಲ್ಲಿನ ತಂಪಿನಲ್ಲಿ ಎರಡೇ ದಿನಕ್ಕೆ ಮೆತ್ತಗಾಗಿ ಬೂಷ್ಟು ಹಿಡಿಯಬಹುದು. ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಬೂಷ್ಟು ಬಂದ ಶೇಂಗಾವನ್ನು ಒರೆಸಿ ತಿನ್ನುವುದು ಬೇಡ, ಎಸೆದುಬಿಡಿ. ಉಳಿದಂತೆ ಅಲ್ಲಿನ ಸಸ್ಯಾಹಾರಿ ಖಾನಾವಳಿಯ ಹಬೆಯಾಡುವ ಅನ್ನ-ಸಾರು, ಕಣ್ಣೆದುರು ಮಾಡಿದ ಮೊಟ್ಟೆ ಆಮ್ಲೆಟ್, ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು ಸುರಕ್ಷಿತ. ಕೊಯ್ದಿಟ್ಟ ಹಣ್ಣು, ತಣ್ಣಗಿನ ಚಟ್ನಿ, ಮಂಜುಗಡ್ಡೆ ಹಾಕಿದ ರಸ ಬೇಡ.

ಭೇದಿ ಶುರುವಾದರೆ ಮೊದಲ ಔಷಧ ಓಆರ್‌ಎಸ್. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟವಾಗಿ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ ಕಲಕಿ ಸ್ವಲ್ಪ ಸ್ವಲ್ಪ ಕುಡಿಸುತ್ತಿರಿ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ, ಭೇದಿಯಲ್ಲಿ ರಕ್ತ ಕಂಡರೆ ಕಾಯಬೇಡಿ.

ಜಿಗಣೆ, ಉಣ್ಣಿ, ಹಾವು

ಜಿಗಣೆಯನ್ನು ಮಲೆನಾಡಿನವರು ಉಂಬಳ, ಇಂಬಳ ಎನ್ನುತ್ತಾರೆ. ಮಳೆಗಾಲದಲ್ಲಿ ಹುಲ್ಲಿನ ಮೇಲೆ ಕಾಲಿಟ್ಟರೆ ಹತ್ತುವುದು ಖಾತ್ರಿ. ನೋಡಲು ಹೇಸಿಗೆ ಎನಿಸಿದರೂ ಅದರಿಂದ ದೊಡ್ಡ ರೋಗ ಬರುವುದಿಲ್ಲ. ಉದ್ದ ಮೋಜಾದೊಳಗೆ ಪ್ಯಾಂಟು ಸೇರಿಸಿ, ಮೋಜಾದ ಮೇಲೆ ಬೇವಿನೆಣ್ಣೆ ಅಥವಾ ಉಪ್ಪು ಸವರಿಕೊಳ್ಳಿ. ಕಚ್ಚಿದ್ದರೆ ಎಳೆದು ಕೀಳಬೇಡಿ, ಬೆಂಕಿ ತಾಗಿಸಬೇಡಿ. ಉಗುರನ್ನು ಚರ್ಮದ ಮೇಲೆ ಜಾರಿಸಿ ಬಾಯಿಯ ಕಡೆಯನ್ನು ಬಿಡಿಸಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಬಹಳ ಹೊತ್ತು ರಕ್ತ ಬರಬಹುದು. ಸಾಬೂನಿನಿಂದ ತೊಳೆದು ಒಣ ಬಟ್ಟೆ ಒತ್ತಿ ಕಟ್ಟಿ. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಹುಲ್ಲಿಗೆ ಇಳಿಯದಿರುವುದೇ ಲೇಸು. ಹನಫಿ ಮದ್‌ಹಬ್ ಪ್ರಕಾರ ಹರಿಯುವ ರಕ್ತದಿಂದ ವುಝೂ ಮುರಿಯುತ್ತದೆ, ಶಾಫಿಈಗಳಲ್ಲಿ ಮುರಿಯುವುದಿಲ್ಲ. ರಕ್ತ ನಿಲ್ಲದೇ ಇದ್ದರೆ ಏನು ಮಾಡಬೇಕೆಂದು ನಿಮ್ಮ ಊರಿನ ಇಮಾಮರನ್ನು ಹೊರಡುವ ಮುನ್ನವೇ ಕೇಳಿಕೊಳ್ಳಿ.

ಜಿಗಣೆಗಿಂತ ಹೆಚ್ಚು ಭಯಪಡಬೇಕಾದದ್ದು ಸಣ್ಣ ಉಣ್ಣಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣ್ಣಿಯ ಕಡಿತದಿಂದ ಬರುತ್ತದೆ. ಶಿವಮೊಗ್ಗ, ಉತ್ತರ ಕನ್ನಡ ಮಾತ್ರವಲ್ಲ, ಗೋವಾ ಮತ್ತು ಆಂಬೋಲಿ ಇರುವ ಸಿಂಧುದುರ್ಗ ಜಿಲ್ಲೆಯಲ್ಲೂ ಇದು ಕಂಡುಬಂದಿದೆ. ಇದರ ಕಾಲ ಮಳೆಗಾಲವಲ್ಲ, ಡಿಸೆಂಬರ್‌ನಿಂದ ಮೇ. ಬೇಸಿಗೆ ರಜೆಯಲ್ಲಿ ಹೋಗುವವರು ಒಣ ಎಲೆಯ ಮೇಲೆ ಕೂರಬಾರದು, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅಲ್ಲಿನ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿನಿಂದ ಬಂದ ಕೂಡಲೇ ಬಟ್ಟೆ ಬದಲಿಸಿ, ಬಿಸಿನೀರಲ್ಲಿ ಮೈ ತೊಳೆದು, ಮಕ್ಕಳ ಕಿವಿಯ ಹಿಂದೆ, ಕಂಕುಳು, ಸೊಂಟದ ಸುತ್ತ ನೋಡಿ.

ಆಗುಂಬೆ ಕಾಳಿಂಗ ಸರ್ಪಕ್ಕೆ ಹೆಸರಾದ ಊರು. 2005ರಲ್ಲಿ ರೋಮ್ಯುಲಸ್ ವಿಟೇಕರ್ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಆರಂಭಿಸಿದರು. ಕಾಳಿಂಗ ತಾನಾಗಿ ಮನುಷ್ಯರ ಮೇಲೆ ಬರುವ ಹಾವಲ್ಲ. ಆದರೂ ರಾತ್ರಿ ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬೇಡಿ, ಬೂಟನ್ನು ಕೊಡವಿ ಹಾಕಿಕೊಳ್ಳಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು, ಮಂತ್ರ ಹಾಕಿಸುವುದು ಬೇಡ. ಕಚ್ಚಿದ ಭಾಗ ಅಲುಗಾಡದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಹೋಗಿ.

ಆಸ್ಪತ್ರೆ ಎಷ್ಟು ದೂರ?

ಖೋಲಿ ಹಿಡಿಯುವಾಗ ಜಲಪಾತ ಎಷ್ಟು ದೂರ ಎಂದು ಕೇಳುತ್ತೇವೆ, ಆಸ್ಪತ್ರೆ ಎಷ್ಟು ದೂರ ಎಂದು ಕೇಳುವುದಿಲ್ಲ. ಆಗುಂಬೆಯಿಂದ ತೀರ್ಥಹಳ್ಳಿ ಸುಮಾರು 30 ಕಿಲೋಮೀಟರ್, ಮಣಿಪಾಲದ ದೊಡ್ಡ ಆಸ್ಪತ್ರೆಗೆ ಘಾಟಿ ಇಳಿದು 50 ಕಿಲೋಮೀಟರಿಗೂ ಹೆಚ್ಚು. ಆಂಬೋಲಿಯಿಂದ ಸಾವಂತವಾಡಿ ಸುಮಾರು 30, ಬೆಳಗಾವಿ 65ರಿಂದ 70 ಕಿಲೋಮೀಟರ್. ಮಳೆ, ಮಂಜು, ಗುಡ್ಡ ಕುಸಿತ ಇದ್ದರೆ ಈ ದೂರ ದುಪ್ಪಟ್ಟಾಗುತ್ತದೆ. ಫೋನಿಗೆ ಸಿಗ್ನಲ್ ಸಿಗದ ಜಾಗವೂ ಉಂಟು. ಲಾಡ್ಜಿನವರಿಂದ ಹತ್ತಿರದ ಆರೋಗ್ಯ ಕೇಂದ್ರ, ರಾತ್ರಿ ಸಿಗುವ ಗಾಡಿಯವರ ನಂಬರ್ ಮೊದಲ ದಿನವೇ ಬರೆದುಕೊಳ್ಳಿ. 108 ಸೇವೆ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಇದೆ. ತಿಂಗಳು ತುಂಬಿದ ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು, ಪದೇ ಪದೇ ಉಬ್ಬಸ ಕಾಡುವವರು ಇಂಥ ಊರಿಗೆ ಮಳೆಗಾಲದಲ್ಲಿ ಹೋಗುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಚೀಲದಲ್ಲಿ ಇರಲೇಬೇಕಾದವು

• ಚಾದರ, ದಿಂಬಿನ ಕವಚ, ಸೊಳ್ಳೆ ಪರದೆ, ಜಾನಮಾಝ್, ಪ್ಲಾಸ್ಟಿಕ್ ಹಾಳೆ
• ತಂಬಿಗೆ ಅಥವಾ ಮಗ್ಗು, ಸಾಬೂನು, ಪ್ರತಿಯೊಬ್ಬರಿಗೂ ಟವೆಲು, ರಬ್ಬರ್ ಚಪ್ಪಲಿ
• ಟಾರ್ಚ್, ಗಟ್ಟಿ ದಾರ, ಬಟ್ಟೆ ಕ್ಲಿಪ್ಪು
• ಓಆರ್‌ಎಸ್, ಪ್ಯಾರಾಸಿಟಮಾಲ್, ಶಿಲೀಂಧ್ರದ ಮುಲಾಮು, ಗಾಯದ ಪಟ್ಟಿ, ಸೊಳ್ಳೆ ಮುಲಾಮು
• ಬಿಪಿ, ಸಕ್ಕರೆ, ಉಬ್ಬಸದ ಔಷಧಿ ಎರಡು ದಿನ ಹೆಚ್ಚಿಗೆ, ಗಾಳಿಯಾಡದ ಡಬ್ಬಿಯಲ್ಲಿ

ಊರಿಗೆ ಬಂದ ಮೇಲೆ ಜ್ವರ ಬಂದರೆ

ಇದು ಈ ಲೇಖನದ ಅತಿ ಮುಖ್ಯ ಮಾತು. ಕಾಡಿನ ಊರಿನಲ್ಲಿ ಹತ್ತಿದ ಸೋಂಕು ಬಹಳ ಸಲ ಅಲ್ಲಿರುವಾಗ ಕಾಣಿಸಿಕೊಳ್ಳುವುದಿಲ್ಲ. ಡೆಂಗಿ 4ರಿಂದ 10 ದಿನ, ಮಂಗನ ಕಾಯಿಲೆ 3ರಿಂದ 8 ದಿನ, ಇಲಿ ಜ್ವರ ಸಾಮಾನ್ಯವಾಗಿ 5ರಿಂದ 14 ದಿನ, ಕೆಲವೊಮ್ಮೆ ಒಂದು ತಿಂಗಳ ನಂತರವೂ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಪ್ರವಾಸ ಮುಗಿದಿರುತ್ತದೆ, ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ, ಯಾರಿಗೂ ಆ ಲಾಡ್ಜಿನ ನೆನಪೂ ಇರುವುದಿಲ್ಲ. ಊರಿನ ವೈದ್ಯರು ಸಾಮಾನ್ಯ ವೈರಲ್ ಜ್ವರವೆಂದು ತಿಳಿದು ಔಷಧ ಕೊಡುತ್ತಾರೆ. ಅದು ಅವರ ತಪ್ಪಲ್ಲ, ನಾವು ಹೇಳಿರುವುದಿಲ್ಲ.

ಇಲಿ ಜ್ವರ ಇಲಿಯ ಮೂತ್ರ ಬೆರೆತ ನೀರು, ಕೆಸರು ನಮ್ಮ ಗಾಯಕ್ಕೆ ತಾಗಿದಾಗ ಬರುತ್ತದೆ. ಬರಿಗಾಲಲ್ಲಿ ಕೆಸರು ತುಳಿದವರಿಗೆ ಹೆಚ್ಚು. ಚಳಿಜ್ವರ, ಮೀನಖಂಡದಲ್ಲಿ ಮುಟ್ಟಲಾಗದಂಥ ನೋವು, ಕೆಂಪಾದ ಕಣ್ಣು ಮೊದಲ ಸುಳಿವು. ಬೇಗ ಗುರುತಿಸಿದರೆ ಸಾಧಾರಣ ಬೆಲೆಯ ಆ್ಯಂಟಿಬಯಾಟಿಕ್‌ನಿಂದಲೇ ಗುಣವಾಗುತ್ತದೆ. ತಡವಾದರೆ ಕಾಮಾಲೆಯಾಗಿ ಮೂತ್ರಪಿಂಡ, ಶ್ವಾಸಕೋಶಕ್ಕೆ ತಾಗುತ್ತದೆ. ಒಂದು ಮಾತು ಹೇಳಿದ್ದು-ಹೇಳದ್ದರ ಮೇಲೆ ಒಂದು ಜೀವ ನಿಂತಿರಬಹುದು.

ಆದ್ದರಿಂದ ಮರಳಿ ಬಂದ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಲ್ಲಿಂದ ಒಂದು ತಿಂಗಳೊಳಗೆ ಮನೆಯಲ್ಲಿ ಯಾರಿಗೇ ಜ್ವರ ಬಂದರೂ ವೈದ್ಯರ ಎದುರು ಕುಳಿತ ಕೂಡಲೇ ಹೇಳಿ: "ಇಂಥ ದಿನ ಆಂಬೋಲಿಗೆ ಹೋಗಿದ್ದೆವು, ಲಾಡ್ಜಿನಲ್ಲಿದ್ದೆವು, ಕೆಸರಿನಲ್ಲಿ ನಡೆದಿದ್ದೆವು, ಜಿಗಣೆ ಕಚ್ಚಿತ್ತು, ಉಣ್ಣಿ ಕಂಡಿತ್ತು." ಜ್ವರಕ್ಕೆ ಪ್ಯಾರಾಸಿಟಮಾಲ್ ಹೊರತು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬೇಡಿ. ಡೆಂಗಿ ಆಗಿದ್ದರೆ ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಹೃದಯಕ್ಕೆಂದು ವೈದ್ಯರು ಕೊಟ್ಟ ಆಸ್ಪಿರಿನ್ ಇದ್ದರೆ ನೀವಾಗಿ ನಿಲ್ಲಿಸದೆ ಅವರನ್ನೇ ಕೇಳಿ.

ಊರಿಗೆ ಬಂದ ದಿನ ಚೀಲಗಳನ್ನು ಮನೆಯೊಳಗೆ ಒಯ್ಯುವ ಮೊದಲು ಅಂಗಳದಲ್ಲಿ ಬಿಚ್ಚಿ. ಬಟ್ಟೆಗಳನ್ನು ಬಿಸಿನೀರಲ್ಲಿ ಒಗೆದು ನಮ್ಮ ಕಡೆಯ ಖಡಕ್ ಬಿಸಿಲಿಗೆ ಹರವಿ. ಚೀಲದ ಹೊಲಿಗೆಯ ಸಾಲುಗಳನ್ನೂ ಬಿಸಿಲಿಗೆ ತೋರಿಸಿ. ಮಳೆಕಾಡಿನವರಿಗೆ ಮಳೆಗಾಲದಲ್ಲಿ ಸಿಗದ ಈ ಬಿಸಿಲು ನಮ್ಮ ಅಂಗಳಕ್ಕೆ ಪುಕ್ಕಟೆಯಾಗಿ ಬೀಳುತ್ತದೆ.